ಕನ್ಯಾಕುಮಾರಿ ಸುತ್ತಿ ಬಂದ ಗೆಂಡೆ

ಗುಂಡ್ಲುಪೇಟೆ ತರಕಾರಿ ಮಂಡಿಯಿಂದ ಗಾಳ ಹೊತ್ತುಕೊಂಡು ಸಮುದ್ರಕ್ಕೆ ಹೋದ ಮೊದಲನೇ ಮನುಷ್ಯ ನಾನೇ. ಅಲ್ಲ ಅನ್ನೋರು ಇದ್ದರೆ ಮುಂದೆ ಬರಲಿ. ಬರಲ್ಲ. ಆಗ ಜೊತೆಗಿದ್ದ ಮೂವರಲ್ಲಿ ಇಬ್ಬರು ಹೋಗಿಬಿಟ್ಟರು. ಉಳಿದವನೊಬ್ಬ ಸಂತೆಮರಹಳ್ಳಿಯಲ್ಲಿ ಮಗಳ ಮನೇಲಿದಾನೆ, ಕಿವಿ ಕೇಳಲ್ಲ, ನಾನು ಏನು ಹೇಳಿದರೂ ಹೂಂ ಅಂತಾನೆ. ಅದಕ್ಕಿಂತ ಒಳ್ಳೆ ಸಾಕ್ಷಿ ಯಾರಿಗೆ ಬೇಕು?

ನೀರಿನ ಹತ್ತಿರ ಹೋದರೆ ನನಗೆ ಒಂದಲ್ಲ ಒಂದು ಆಗೋದೇ. ಕೆರೆ ಆದರೂ ಅಷ್ಟೆ, ಸಮುದ್ರ ಆದರೂ ಅಷ್ಟೆ.

ತೊಂಬತ್ತರ ಈಚೆಯ ಮಾತು. ನಾವು ನಾಲ್ಕು ಜನ ಭಾನುವಾರ ಭಾನುವಾರ ಕೆರೆಗೆ ಗಾಳ ಹಾಕೋರು. ನಾನು ಮಂಡಿಯಲ್ಲಿ ಮೂಟೆ ಹೊರುವವನು. ಇನ್ನೊಬ್ಬ ಕೋಸು, ಟೊಮೇಟೊ ಹೇರಿಕೊಂಡು ಕ್ಯಾಲಿಕಟ್‌ಗೆ ಹೋಗುವ ಲಾರಿ ಡ್ರೈವರ್. ಮತ್ತೊಬ್ಬ ಚಾಮರಾಜನಗರದ ಟೈಲರ್. ನಾಲ್ಕನೆಯವರು ಹರದನಹಳ್ಳಿಯ ರಿಟೈರಾದ ಮೇಷ್ಟ್ರು. ನಾನು ಇಸ್ಕೂಲಿನ ಮೆಟ್ಟಿಲು ಹತ್ತಿದವನಲ್ಲ. ಈಗ ಬರೀತಿರೋ ಈ ಅಕ್ಷರ ಎಲ್ಲ ಆ ಮೇಷ್ಟ್ರು ಲಾರಿಯಲ್ಲಿ ಕೂತು, ದಾರಿ ಬದಿಯ ಬೋರ್ಡು ತೋರಿಸಿ ತೋರಿಸಿ ಕಲಿಸಿದ್ದು.

ಒಂದು ದಿನ ಡ್ರೈವರ್ ಅಂದ, "ಈ ಕೆರೆ ಕಲಕಿ ಕಲಕಿ ಸಾಕಾಯ್ತು ಕಣ್ರಲಾ. ಕ್ಯಾಲಿಕಟ್ಟಲ್ಲಿ ಒಬ್ಬ ಕಾಕಾ ಅವ್ನೆ, ಸ್ವಂತ ದೋಣಿ ಅದೆ. ಭಾನುವಾರ ನಮ್ಮುನ್ನ ಕರ್ಕೊಂಡೋಯ್ತನಂತೆ. ಹೋಗನ."

ಮೇಷ್ಟ್ರು, "ಸಮುದ್ರ ಅಂದಮೇಲೆ ಒಂದು ಸಂಘ ಬೇಕು. ಸಂಘ ಅಂದಮೇಲೆ ನಿಯಮ ಬೇಕು," ಅಂತ ನೋಟ್‌ಬುಕ್ಕು ತೆಗೆದೇಬಿಟ್ಟರು. ದೋಣಿಯಲ್ಲಿ ಕಾಕಾನ ಬಿಟ್ಟರೆ ನಾಲ್ಕೇ ಜನಕ್ಕೆ ಜಾಗ. ಆದರೆ ಡ್ರೈವರನ ಬಾಮೈದ ಒಬ್ಬ, ಗಿರಿಜಾ ಮೀಸೆಯವನು, ನಾನೂ ಬತ್ತೀನಿ ಅಂತ ಹೊಸ ಗಾಳ, ಹೊಸ ಟೋಪಿ ತಗೊಂಡು ತುದಿಗಾಲಲ್ಲಿ ನಿಂತಿದ್ದ. ಅದಕ್ಕೆ ಮೇಷ್ಟ್ರು ಬರೆದ ನಿಯಮ ಏನಪ್ಪಾ ಅಂದರೆ, ಮೂರು ಸಲ ಒಂದೇ ಸಮನೆ ಬರಿಗೈಲಿ ಬಂದವನು ದೋಣಿಯಿಂದ ಇಳಿದು ದಡದಲ್ಲಿ ಒಲೆ ಊದಬೇಕು. ಅವನ ಜಾಗ ಬಾಮೈದನಿಗೆ.

ನಾನು ನಕ್ಕುಬಿಟ್ಟೆ. ಕೆರೆಯಲ್ಲಿ ನನ್ನ ನೆರಳು ಬಿದ್ದರೆ ಸಾಕು, ಮೀನು ತಾನಾಗೇ ದಡಕ್ಕೆ ಬಂದು ಸಾಲಾಗಿ ನಿಂತ್ಕೊಳ್ಳೋ ಕಾಲ ಅದು.

ಡ್ರೈವರನ ಬ್ರೇಕು

ಮೊದಲನೇ ಸಲ ದೋಣಿ ಹತ್ತಿದಾಗ ನನಗೆ ಮುಂದಿನ ಮೂಲೆ ಸಿಕ್ಕಿತು. ಆ ಸುಖ ಹೇಳ್ತೀನಿ ಕೇಳಿ. ವಾರದಲ್ಲಿ ಆರು ದಿನ ನನ್ನ ಬೆನ್ನ ಮೇಲೆ ಮೂಟೆ ಇರೋದು. ಅಲ್ಲಿ ಕೂತಾಗ ಬೆನ್ನ ಮೇಲೆ ಬರೀ ಗಾಳಿ. ಈ ಜಾಗವನ್ನ ಸಾಯೋವರೆಗೂ ಯಾರಿಗೂ ಬಿಟ್ಟುಕೊಡಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆ.

ನನ್ನ ಪಕ್ಕದಲ್ಲಿ ಡ್ರೈವರ್. ವಯನಾಡಿನ ಘಾಟಿಯ ಒಂಬತ್ತು ತಿರುವನ್ನೂ ಬೀಡಿ ಹಚ್ಚಿಕೊಂಡು ಒಂದೇ ಕೈಲಿ ಇಳಿಸೋ ಗಂಡು. ಮೊದಲನೇ ಅಲೆ ಬಂತು ನೋಡಿ, ಮುಖ ಸುಣ್ಣ ಬಳಿದ ಗೋಡೆ ಆಯ್ತು. ಎರಡನೇ ಅಲೆಗೆ ಬಲಗಾಲು ಮುಂದಕ್ಕೆ ಚಾಚಿ ದೋಣಿಯ ಹಲಗೆಯನ್ನ ಧಡ್ ಅಂತ ತುಳಿದ.

"ಏನ್ಲಾ ಮಾಡ್ತಿದ್ದೀಯೆ?" ಅಂದೆ.

"ಬ್ರೇಕು ಕಣ್ಲಾ!"

"ದೋಣೀಲೆಲ್ಲಿ ಬ್ರೇಕು ಅದೆಲಾ?"

"ಅದಿಲ್ದೆ ಹೆಂಗ್ಲಾ ಓಡಿಸ್ತನೆ ಈ ಕಾಕಾ!" ಅಂತ ಕಿರುಚಿ, ಮುಂದಿನ ಅಲೆಗೆ ಎರಡು ಕಾಲೂ ಸೇರಿಸಿ ಒತ್ತಿದ. ಅಲ್ಲಿತ್ತು ನನ್ನ ಎರೆಹುಳದ ಡಬ್ಬಿ. ಗುಂಡ್ಲುಪೇಟೆಯ ತೆಂಗಿನತೋಟದ ಬುಡದಿಂದ ಒಂದೊಂದಾಗಿ ಹೆಕ್ಕಿ ತಂದಿದ್ದ ಹುಳ. ಡಬ್ಬಿ ಹಾರಿ ಹೋಗಿ ನೀರಿಗೆ ಬಿತ್ತು. ಸುತ್ತಮುತ್ತ ಇದ್ದ ಮೀನೆಲ್ಲ ಸೇರಿ ಊಟ ಮಾಡಿ, ತೇಗಿ, ಹೊರಟುಹೋದವು. ಟೈಲರ್ ಮತ್ತು ಮೇಷ್ಟ್ರು ದೋಣಿಯ ಆ ಬದಿಯಲ್ಲಿ ಇಬ್ಬರೂ ಒಂದೊಂದು ಮೀನು ಹಿಡಿದರು. ಕಣ್ಣು ಮುಚ್ಚಿಕೊಂಡು ವಾಂತಿ ಮಾಡ್ತಿದ್ದ ಡ್ರೈವರನ ಗಾಳಕ್ಕೂ ಒಂದು ಬಿತ್ತು! ನನಗೆ ಮಾತ್ರ ಇಲ್ಲ.

ಮೇಷ್ಟ್ರು ನನ್ನ ಹೆಸರಿನ ಮುಂದೆ ಸೊನ್ನೆ ಸುತ್ತಿದರು. ದಡಕ್ಕೆ ಬಂದಮೇಲೆ ಡ್ರೈವರ್ ಮರಳ ಮೇಲೆ ಅಂಗಾತ ಮಲಗಿ, ಕಾಕಾನಿಗೆ ಅಂದ, "ನಿಮ್ಮ ಗಾಡಿ ಏನೋ ಚೆನ್ನಾಗದೆ ಕಾಕಾ. ಬ್ರೇಕು ಒಸಿ ಟೈಟು ಮಾಡ್ಸಿ."

ತೂಬು ಎತ್ತಿದ್ದು ಯಾರು

ಎರಡನೇ ಸಲ ನಾನು ಹಿಡಿದೆ ಕಣ್ರೀ. ಬೆಳಿಗ್ಗೆ ಹೋದ ಅರ್ಧ ಗಂಟೆಗೇ ಒಂದು ಮೀನು, ನನ್ನ ತೋಳಿನಷ್ಟು. ಆಗಿನ ತೋಳು, ಈಗಿನದಲ್ಲ. ಉಳಿದವರಿಗೂ ಬಿದ್ದವು.

ಕೆರೆಯಲ್ಲಿ ನಮ್ಮದೊಂದು ಪದ್ಧತಿ ಇತ್ತು. ಹಿಡಿದ ಮೀನನ್ನ ಕಿವಿರಿನಲ್ಲಿ ಹುರಿ ಪೋಣಿಸಿ, ದಡದ ಹತ್ತಿರ ಒಂದು ಗೂಟ ನೆಟ್ಟು, ಮೊಣಕಾಲುದ್ದ ನೀರಿನಲ್ಲಿ ಕಟ್ಟಿಹಾಕೋದು. ಹಸು ಕಟ್ಟಿದ ಹಾಗೆ. ಸಂಜೆಯವರೆಗೂ ಜೀವಂತ ಇರ್ತವೆ, ಮನೆಗೆ ಹೋದರೂ ಬಾಲ ಬಡೀತಿರ್ತವೆ. ಸಮುದ್ರದಲ್ಲೂ ಹಂಗೇ ಮಾಡಿದೆವು. ಗೂಟ ನಾನೇ ಬಡಿದೆ. ಕಾಕಾ ಏನೋ ಮಲಯಾಳದಲ್ಲಿ ಕೂಗಿ ಕೈ ಆಡಿಸಿದ. "ಶಹಬ್ಬಾಸ್ ಅಂತನೆ," ಅಂತ ಡ್ರೈವರ್ ಅರ್ಥ ಹೇಳಿದ. ನಾವು ತೆಂಗಿನಮರದ ಕೆಳಗೆ ಉಂಡು ಮಲಗಿದೆವು.

ಎದ್ದು ನೋಡಿದರೆ ಸಮುದ್ರ ಇಲ್ಲ! ಅಂದರೆ ಇದೆ, ಅಷ್ಟು ದೂರದಲ್ಲಿದೆ. ನಾವು ಕಟ್ಟಿದ ಗೂಟ ಒಣ ಮರಳಿನ ಮಧ್ಯೆ ನಿಂತಿದೆ. ಹುರಿಯಲ್ಲಿ ಸಾಲಾಗಿ ಮುಳ್ಳು ಮಾತ್ರ ನೇತಾಡ್ತಿದಾವೆ. ನಾಲ್ಕು ಹದ್ದು, ಒಂದು ಇಪ್ಪತ್ತು ಕಾಗೆ, ಮದುವೆ ಮನೆಯಿಂದ ಎದ್ದು ಬಂದವರ ಹಾಗೆ ಮೂತಿ ಒರೆಸಿಕೊಳ್ತಾ ಕೂತಿದಾವೆ.

ನನಗೆ ರೇಗಿಹೋಯ್ತು. ನಮ್ಮ ಕೆರೆ ಕಡೆ ಹಿಂಗೆ ನೀರು ಇಳಿದರೆ ಅದಕ್ಕೆ ಒಂದೇ ಕಾರಣ. ಅಲ್ಲಿ ಬಲೆ ಬಿಡಿಸ್ತಿದ್ದವರ ಮುಂದೆ ಹೋಗಿ ನಿಂತು, ಸೊಂಟದ ಮೇಲೆ ಕೈಯಿಟ್ಟು ಕೇಳಿದೆ, "ಯಾವನ್ಲಾ ತೂಬು ಎತ್ತಿದ್ದು? ಈ ಊರ ನೀರಗಂಟಿ ಯಾರು, ಕರೀರಿ ಅವನ್ನ!"

ಡ್ರೈವರ್ ಅದನ್ನ ಮಲಯಾಳಕ್ಕೆ ತಿರುಗಿಸಿ ಹೇಳಿದ. ಅವರಿಗೆ ತಿಳಿಯೋಕೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದಮೇಲೆ ಮಾತ್ರ ಬಲೆ ಬಿಟ್ಟು ಮರಳ ಮೇಲೆ ಹೊರಳಾಡಿದರು. ಅವರಲ್ಲೊಬ್ಬ ಮುದುಕ ಕಣ್ಣೊರೆಸಿಕೊಂಡು ಆಕಾಶದ ಕಡೆ ಬೆರಳು ತೋರಿಸಿದ. ಅಲ್ಲಿ ಹಗಲು ಹೊತ್ತಲ್ಲೇ ಚಂದ್ರ ತೆಳ್ಳಗೆ ಕಾಣ್ತಿದ್ದ.

ಮೇಷ್ಟ್ರು ವಿಷಯ ಗೊತ್ತಾಗಿ ತಲೆ ಚಚ್ಚಿಕೊಂಡರು. "ಇಪ್ಪತ್ತು ವರ್ಷ ಮಕ್ಕಳಿಗೆ ಉಬ್ಬರ ಇಳಿತ ಪಾಠ ಮಾಡಿದೀನಿ ಕಣಯ್ಯ! ನಾನೇ ಹುರಿಗೆ ಗಂಟು ಹಾಕಿದೆನಲ್ಲಯ್ಯ!"

ಅದೇ ಸಿಟ್ಟಿನಲ್ಲಿ ಎಲ್ಲರಿಗೂ ಸೊನ್ನೆ ಬರೆದರು. ಉಳಿದವರಿಗೆ ಅದು ಮೊದಲನೇ ಸೊನ್ನೆ. ನನಗೆ ಎರಡನೆಯದು.

"ನಾನು ಹಿಡ್ದದ್ದ ನೀವೇ ನೋಡಿದ್ರಲ್ಲ ಸಾ," ಅಂದೆ.

"ನೋಡಿದೆ. ಆದರೆ ನಿಯಮದ ಪ್ರಕಾರ ತೂಕಕ್ಕಿಡಬೇಕು. ಹದ್ದು ಹಿಡಿದು ತಂದರೆ ಬರ್ಕೋತೀನಿ."

ಟೈಲರನ ಮನೆಯ ಟಾರು

ಮೂರನೇ ಸಲಕ್ಕೆ ಡ್ರೈವರನ ಬಾಮೈದ ಲಾರಿಯಲ್ಲೇ ಜೊತೆಗೆ ಬಂದುಬಿಟ್ಟ. ಟೋಪಿ ಹಾಕ್ಕೊಂಡು, ಗಾಳ ಹಿಡ್ಕೊಂಡು. ದಾರಿಯುದ್ದಕ್ಕೂ ಹಾಡು ಬೇರೆ. ಅವನ ಪಕ್ಕದಲ್ಲಿ ಮೇಷ್ಟ್ರು ಸಿಕ್ಕಿಬಿದ್ದಿದ್ದರು. ದಡದಲ್ಲಿ ಇಳಿದವನೇ ನನ್ನ ಹೆಗಲು ತಟ್ಟಿ, "ಅಣ್ಣೋ, ಒಲೆಗೆ ಮೂರು ಕಲ್ಲು ಹುಡುಕಿಟ್ಟಿರ್ತೀನಿ, ಮುಂದುಕ್ಕೆ ನಿಂಗೆ ಬೇಕಾಯ್ತದೆ," ಅಂದ. ನಾನು ಚೀಲ ಹೆಗಲಿಗೇರಿಸಿ ಹೋಗಿ ನನ್ನ ಮೂಲೆಯಲ್ಲಿ ಕೂತೆ.

ಅವತ್ತು ಹುಳ ತಂದಿರಲಿಲ್ಲ. ಟೈಲರನ ಹೆಂಡತಿ ಮಾಡಿಕೊಟ್ಟ ರಾಗಿಮುದ್ದೆ, ಆರು, ಬಟ್ಟೆಯಲ್ಲಿ ಕಟ್ಟಿ ತಂದಿದ್ದೆವು. ಊಟಕ್ಕೂ ಅದೇ, ಗಾಳಕ್ಕೆ ಸಿಕ್ಕಿಸೋಕೂ ಅದೇ. ನಮ್ಮ ಕೆರೆಯ ಮೀನು ಮುದ್ದೆ ಅಂದರೆ ಬಿಡೋದಿಲ್ಲ.

ದೋಣಿ ಒಂದಷ್ಟು ದೂರ ಹೋಗಿದೆ, ಕಾಲಡಿ ತಣ್ಣಗಾಯ್ತು. ಹಲಗೆ ಸಂದಿಯಿಂದ ನೀರು ಒಳಗೆ ಬರ್ತಿದೆ! ಕಾಕಾ ಎದ್ದು ಅತ್ತ ಇತ್ತ ನೋಡಿದ. ಟೈಲರನ ಗಂಟು ಬಿಚ್ಚಿತ್ತು. ಒಳಗೆ ಕಪ್ಪಗೆ, ಮಿರಮಿರ, ಗುಂಡಗೆ. ಕಾಕಾನ ಮುಖ ಅರಳಿತು. ಒಂದು ಎತ್ತಿದ, ಹಿಸುಕಿದ, ಸಂದಿಗೆ ತುರುಕಿ ಹೆಬ್ಬೆರಳಲ್ಲಿ ತೀಡಿದ. ನಾವು ಹಾಂ ಹಾಂ ಅನ್ನೋದರಲ್ಲಿ ಆರು ಮುದ್ದೆಯೂ ದೋಣಿಗೆ ಮೆತ್ತಿದ್ದ. ನೀರು ನಿಂತುಹೋಯ್ತು. ಒಂದು ತೊಟ್ಟಿಲ್ಲ.

ಕಾಕಾ ಡ್ರೈವರನಿಗೆ ಏನೋ ಹೇಳಿದ. ಡ್ರೈವರ್ ತಿರುಗಿಸಿ ಹೇಳಿದ, "ದೋಣಿ ಹಳೇದು ಅಂತ ತಿಳ್ಕೊಂಡು ಮನೆಯಿಂದ್ಲೆ ಟಾರು ತಂದವ್ರಲ್ಲ, ನಿಮ್ಮಂಥೋರು ಸಿಕ್ಕಾದು ಕಷ್ಟ ಅಂತನೆ. ಇಷ್ಟು ಒಳ್ಳೆ ಟಾರ ಅವ್ನು ನೋಡೇ ಇಲ್ವಂತೆ."

ಟೈಲರನ ಕಣ್ಣಲ್ಲಿ ನೀರು. ಅವಮಾನ ಆಯ್ತೇನೋ ಅಂತ ನಾನು ಹೆಗಲ ಮೇಲೆ ಕೈ ಹಾಕಿದೆ. ಅವನಂದ, "ಅವ್ಳು ಮಾಡೋ ಮುದ್ದೆ ಹಿಂಗೇ ಅಂತ ಇಪ್ಪತ್ತು ವರ್ಷದಿಂದ ಬಡ್ಕೋತಿವ್ನಿ ಕಣ್ಲಾ. ಇವತ್ತು ಒಬ್ಬ ಒಪ್ಪುದ್ನಲ್ಲ!"

ಬರೀ ಕೊಕ್ಕೆಗೆ ಬಿದ್ದದ್ದು

ಈಗ ನನ್ನ ಸ್ಥಿತಿ ನೋಡಿ. ಮುದ್ದೆ ಎಲ್ಲ ದೋಣಿಗೆ ಹೋಯ್ತು, ಗಾಳಕ್ಕೆ ಸಿಕ್ಕಿಸೋಕೆ ಚೂರಿಲ್ಲ. ಮೂರನೇ ಸೊನ್ನೆ ನನ್ನ ನೆತ್ತಿ ಮೇಲೆ ನಿಂತಿದೆ. ದಡದಲ್ಲಿ ಬಾಮೈದ ಟೋಪಿ ಬೀಸ್ತಿದಾನೆ. ಉಳಿದ ಮೂವರು ಕಾಕಾನ ಹತ್ತಿರ ಒಂದೊಂದು ಸೀಗಡಿ ಇಸ್ಕೊಂಡು ಆ ಬದಿಗೆ ತಿರುಗಿ ಕೂತರು. "ಒಂದು ತಕ್ಕಳ್ಲಾ," ಅಂದರು. ನನಗೆ ಬೇಡ ಅಂದೆ. ಬರೀ ಕೊಕ್ಕೆ ಬಿಟ್ಟೆ. ಧೈರ್ಯ ಅಂದರೆ ಅದು.

ದೂರದಲ್ಲಿ ದೊಡ್ಡ ಹಡಗೊಂದು ಹೋಗ್ತಿತ್ತು. "ಅಗೋ ನೋಡ್ರಲಾ ಹಡಗು!" ಅಂದೆ. ಎಲ್ಲರೂ ಅತ್ತ ಕತ್ತು ಚಾಚಿದರು. ಅದೇ ಗಳಿಗೆಗೆ ಬಿತ್ತು ಕಣ್ರೀ! ನನ್ನ ಕೊಕ್ಕೆಗೆ ಎರಡು ಕೇಜಿ ಮೀನು. ಬಣ್ಣ ಅಂದರೆ ಬಣ್ಣ, ಬಂಗಾರ! ಬಿಸಿಲಿಗೆ ಫಳಫಳ ಅಂತು.

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. "ಇದು ಗೆಂಡೆ ಅಲ್ವೇನಯ್ಯ? ನಮ್ಮೂರ ಕೆರೇದು?"

"ಹೂಂ ಸಾ. ಮಳೇಲಿ ಕೋಡಿ ಬಿದ್ದು ಹೊಳೆಗೆ ಬಂದದೆ, ಹೊಳೆಯಿಂದ ಸಮುದ್ರಕ್ಕೆ ಬಂದದೆ. ನಮ್ಮ ಮುದ್ದೆ ವಾಸನೆ ಗುರುತಾಗಿ ದೋಣಿ ಹತ್ರ ಬಂದದೆ."

"ನಮ್ಮ ಹೊಳೆ ಕಬಿನಿಗೆ ಸೇರುತ್ತೆ, ಕಬಿನಿ ಕಾವೇರಿಗೆ, ಕಾವೇರಿ ಮೂಡಲ ಸಮುದ್ರಕ್ಕೆ. ನಾವಿರೋದು ಪಡುವಲ ಸಮುದ್ರ ಕಣಯ್ಯ."

"ಕನ್ಯಾಕುಮಾರಿ ಸುತ್ಕೊಂಡು ಬಂದದೆ ಸಾ. ಅದಕ್ಕೇ ಬಾಲ ಬಡಿಯಾಕೂ ತ್ರಾಣಿಲ್ಲ, ನೋಡಿ."

"ಹೊಟ್ಟೆ ಉದ್ದಕ್ಕೂ ಸೀಳಿದೆಯಲ್ಲಯ್ಯ?"

"ಅಲ್ಲಿ ಬಂಡೆ ಜಾಸ್ತಿ ಅಂತ ಕೇಳಿವ್ನಿ."

"ಕರುಳು?"

"ಅಷ್ಟು ದೂರ ಉಪವಾಸ ಬಂದ್ರೆ ಕರುಳು ಉಳಿದದಾ ಸಾ? ಕರಗೋಗ್ತದೆ."

ಡ್ರೈವರ್ ಬ್ರೇಕು ಒತ್ತೋದನ್ನೂ ಮರೆತು ಬಾಯಿ ಬಿಟ್ಟಿದ್ದ. ಮೇಷ್ಟ್ರು ಮೀನು ನೋಡಿದರು, ನನ್ನ ನೋಡಿದರು, ದಡದ ಕಡೆ ನೋಡಿದರು. ಬಾಮೈದನ ಹಾಡು ಅಲ್ಲಿಯವರೆಗೂ ಕೇಳ್ತಿತ್ತು. ನೋಟ್‌ಬುಕ್ಕು ತೆಗೆದು ಬರೆದರು: 'ಗೆಂಡೆ ಒಂದು. ಸಮುದ್ರದ್ದು.' ಬರೆದು ನನ್ನ ಕಿವಿ ಹತ್ತಿರ ಬಗ್ಗಿ ಅಂದರು, "ನಿನ್ನ ಸುಳ್ಳಾದರೆ ಸಹಿಸಬಹುದು ಕಣಯ್ಯ. ಅವನ ಹಾಡು ನನ್ನ ಕೈಲಾಗಲ್ಲ." ಮೇಷ್ಟ್ರು ಒಂದೊಂದು ಸಲ ತಮಾಷೆ ಮಾಡೋರು.

ದಡದಲ್ಲಿ ಅದನ್ನೇ ಸಾರು ಮಾಡಿದೆವು, ಬಾಮೈದ ಜೋಡಿಸಿಟ್ಟಿದ್ದ ಮೂರು ಕಲ್ಲಿನ ಮೇಲೆ, ಅವನೇ ಊದಿದ. ಟೈಲರ್ ಒಂದು ತುಂಡು ಬಾಯಿಗಿಟ್ಟು, "ಉಪ್ಪು ಒಳಗಂಟ ಹಿಡಿದದಲ್ಲಾ!" ಅಂದ. "ಸಮುದ್ರದ ಮೀನಲ್ವಾ," ಅಂದೆ. ಆಮೇಲೆ ನಾಲ್ಕು ವರ್ಷ ಆ ಮೂಲೆ ನನ್ನದೇ ಆಗಿತ್ತು.

ಮೊನ್ನೆ ಇದನ್ನೇ ಜಗುಲಿ ಮೇಲೆ ಕೂತು ಬೀದಿಯವರಿಗೆ ಹೇಳ್ತಿದ್ದೆ. ಮನೆಯವಳು ಬಾಗಿಲಲ್ಲಿ ಅವರೆಕಾಯಿ ಸುಲೀತಿದ್ದಳು. ನನ್ನ ಮಾತನ್ನ ಕಿವಿಗೆ ಹಾಕ್ಕೊಳ್ಳೋಳೇ ಅಲ್ಲ, ಅವತ್ತು ಯಾಕೋ ಕೈ ನಿಂತಿತು.

"ಯಾವ ಭಾನುವಾರ ಅದು?"

"ಯಾವ್ದೋ ಒಂದು."

"ನನ್ ತಮ್ಮ ಊಟಕ್ಕೆ ಬಂದಿದ್ದ ಭಾನುವಾರನಾ?"

"ಇದ್ರೂ ಇರಬೌದು."

ಅವರೆಕಾಯಿ ಮೊರ ಪಕ್ಕಕ್ಕೆ ಸರಿಯಿತು. "ಬಂಗಾರ ಅಂದ್ಯಲ್ಲ, ಅದು ನಾನು ಸವರಿದ್ದ ಅರಿಶಿನ ಕಣಾ! ಕರುಳು ತೆಗ್ದು, ಉಪ್ಪು ಅರಿಶಿನ ಹಾಕಿ, ಚಟ್ಟೀಲಿ ಮುಚ್ಚಿಟ್ಟಿದ್ದೆ. ನನ್ ತಮ್ಮ ಬರೀ ಸೊಪ್ಪಿನ ಸಾರು ಉಂಡ್ಕೊಂಡು ಹೋದ. ನೀನು ಲಾರಿ ಹತ್ತಾಕೆ ಹೋಗ್ತಾ ಬಾಗ್ಲಲ್ಲಿ ನಿಂತ್ಕೊಂಡು, 'ಬೆಕ್ಕು ಅಡುಗೆಮನೇಲಿ ಓಡಾಡ್ತಾ ಅದೆ ಕಣಮ್ಮಿ, ಹುಷಾರು' ಅಂದ್ಯಲ್ಲ! ಪೊರಕೆ ತಕ್ಕೊಂಡು ಆ ಬೆಕ್ಕ ಅಯ್ಯೋ ಅನ್ನಂಗೆ ಬಡಿದ್ನಲ್ಲಪ್ಪ ನಾನು! ಮೂರು ದಿನ ಅದಕ್ಕೆ ಹಾಲು ಇಕ್ಕಲಿಲ್ಲ!"

ಜಗುಲಿಯವರೆಲ್ಲ ನನ್ನ ಮುಖವನ್ನೇ ನೋಡ್ತಿದ್ದರು. ನಾನು ಭುಜ ಕುಣಿಸಿ, ಕಾಫಿ ಲೋಟ ಎತ್ತಿಕೊಂಡೆ.

"ಬುಡಮ್ಮಿ ಅತ್ಲಾಗೆ. ಏಟು ತಿಂದ ಬೆಕ್ಕೇ ಒಂದು ಮಾತು ಆಡ್ಲಿಲ್ಲ, ನೀನ್ಯಾಕೆ ಇಷ್ಟು ಕೂಗಾಡ್ತೀಯೆ?"