ಅತ್ತೆಯವರ ಮಣಿ ತೋರಣದ ವ್ಯಾಪಾರ

ನಮ್ಮ ಅತ್ತೆಯವರು ಮಣಿ ಪೋಣಿಸಲು ಕೂತರೆ ಸಾಕು, ಎಲ್ಲಿಂದಲೋ ಒಂದು ಎಡವಟ್ಟು ಎದ್ದು ಬರುತ್ತಿತ್ತು.

ಎಪ್ಪತ್ತರ ದಶಕದ ಮಾತು. ರಾಜಾಜಿನಗರದಲ್ಲಿ ನಮ್ಮ ಬಾಡಿಗೆ ಮನೆ. ಅತ್ತೆ ಬಾಗಿಲಿಗೆ ಹಾಕುವ ಮಣಿ ತೋರಣ ಹೆಣೆಯುತ್ತಿದ್ದರು: ಎರಡು ಕಡೆ ಗಿಳಿ, ನಡುವೆ ‘ಸುಸ್ವಾಗತ’. ನೋಡಿದವರೆಲ್ಲ ನಮಗೂ ಒಂದು ಮಾಡಿಕೊಡಿ ಎನ್ನುವವರೇ. ನಾದಿನಿಯ ಮದುವೆಗೆ ನಾಲ್ಕು ಕಾಸು ಸೇರಲಿ ಎಂದು ಅತ್ತೆ ಸೊಸೆ ಸೇರಿ ಅದನ್ನೇ ವ್ಯಾಪಾರ ಮಾಡಿಕೊಂಡೆವು. ಅತ್ತೆಯ ಕೈ ಬಲು ಚುರುಕು. ಎದೆ ಮಾತ್ರ ಪುಕ್ಕಲು.

ಕಾಫಿ ವ್ಯಾಪಾರ

ಮೊದಲ ಗಿರಾಕಿ ಹಿಂದಿನ ಬೀದಿಯ ಟೀಚರಮ್ಮ. ಬೆಲೆ ಹೇಳುವುದನ್ನು ಅತ್ತೆಗೆ ಬೆಳಗಿನಿಂದ ಅಭ್ಯಾಸ ಮಾಡಿಸಿದ್ದೆ. ಅಡುಗೆಮನೆಯಲ್ಲಿ ಚೆನ್ನಾಗಿಯೇ ಹೇಳುತ್ತಿದ್ದರು. ಟೀಚರಮ್ಮ ಬಂದು ತೋರಣ ನೋಡಿ ಖುಷಿಪಟ್ಟು, ಪರ್ಸು ತೆಗೆದು, “ಎಷ್ಟು ಕೊಡ್ಲಿ ಅಮ್ಮ?” ಎಂದರು.

ಅತ್ತೆ ಬೆವತುಹೋದರು. “ಅಯ್ಯೋ, ದುಡ್ಡು ಎಲ್ಲಿ ಹೋಗುತ್ತೆ ಬಿಡಿ. ಮೊದ್ಲು ಕಾಫಿ ಕುಡೀರಿ.”

ಕಾಫಿ ಆಯಿತು. ಅವರು ಮತ್ತೆ ಕೇಳಿದರು. “ಇನ್ನೊಂದು ಲೋಟ ತಗೊಳ್ಳಿ,” ಎಂದರು ಅತ್ತೆ. ಟೀಚರಮ್ಮ ಅದನ್ನೂ ಕುಡಿದು, ಕೈಮುಗಿದು, ತೋರಣ ತೆಗೆದುಕೊಂಡು ಹೊರಟೇಹೋದರು.

ಸಂಜೆ ನಮ್ಮ ಯಜಮಾನರು ಸುದ್ದಿ ಕೇಳಿ, “ವ್ಯಾಪಾರ ಜೋರಾಗಿದೆಯಲ್ಲಮ್ಮ. ನಾಳೆಯಿಂದ ಹಾಲು ಜಾಸ್ತಿ ಹಾಕೋಕೆ ಹೇಳ್ಲಾ?” ಎಂದರು.

ತಿರುಗುಮುರುಗು

ಅಲ್ಲಿಂದ ಬೆಲೆ ಹೇಳುವ ಕೆಲಸ ನನ್ನದಾಯಿತು. ಒಂದು ದಿನ ಗೋವಿಂದರಾಜನಗರದ ಗಿರಾಕಿ ಮನೆಯಿಂದ, ‘ತೋರಣದ ಅಕ್ಷರವೆಲ್ಲ ತಪ್ಪಿದೆ’ ಎಂದು ಹೇಳಿಕಳಿಸಿದರು. ಅತ್ತೆ ಊಟ ಬಿಟ್ಟು ಕೂತರು. “ಗಂಡಿನ ಕಡೆಯವರ ಕಿವಿಗೆ ಬಿದ್ರೆ ಏನು ಗತಿ ಕಣೇ? ಹುಡುಗಿ ತಾಯಿಗೆ ನೆಟ್ಟಗೆ ನಾಲ್ಕಕ್ಷರ ಬರಲ್ಲ ಅಂತಾರೆ!”

ನಾನೇ ಹೋದೆ. ನೋಡಿದರೆ ತೋರಣವನ್ನು ಹಿಂದುಮುಂದಾಗಿ ಕಟ್ಟಿದ್ದಾರೆ! ಮನೆಯ ಒಳಗಿನಿಂದ ನೋಡಿದರೆ ಮಾತ್ರ ಓದಲು ಬರುತ್ತಿತ್ತು. ಬಿಚ್ಚಿ, ತಿರುಗಿಸಿ ಕಟ್ಟತೊಡಗಿದೆ.

ಮನೆಯಾಕೆ ಹತ್ತಿರ ಬಂದು ಪಿಸುಗುಟ್ಟಿದರು: “ಈಗ ಗೊತ್ತಾಯ್ತಲ್ಲ, ಮೊದಲಿನ ಹಾಗೇ ಇರ್ಲಿ ಬಿಡಿ. ನೆಂಟರು ಬಂದು ತಿಂಗಳಾಯ್ತು. ಹೊರಗೆ ಹೋಗೋಕೆ ಸುಸ್ವಾಗತ ಅಂತ ಅವರೂ ಓದ್ಕೊಳ್ಲಿ.”

ಹೆಣ್ಣು ನೋಡುವ ದಿನ

ಕೊನೆಗೂ ನಾದಿನಿಯನ್ನು ನೋಡಲು ಗಂಡಿನವರು ಒಂದು ಸಂಜೆ ಬರುವುದೆಂದಾಯಿತು. ನಮ್ಮ ಬೀದಿಯ ಮನೆಗಳೆಲ್ಲ ಒಂದೇ ಥರ. “ಬಾಗಿಲಿಗೆ ಮಣಿ ತೋರಣ ಇರೋ ಮನೆ,” ಎಂದು ಯಜಮಾನರು ಅವರಿಗೆ ಗುರುತು ಹೇಳಿದ್ದರು. ಅದು ನನಗಾಗಲಿ ಅತ್ತೆಗಾಗಲಿ ಗೊತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಎದುರುಮನೆಯಾಕೆ ಓಡಿಬಂದರು. “ಸಂಜೆ ಮೊಮ್ಮಗಳ ನಾಮಕರಣ. ಹೇಗಾದ್ರೂ ಒಂದು ತೋರಣ ಕೊಡಿ.” ಮನೆಯಲ್ಲಿ ಹೆಣೆದದ್ದು ಒಂದೂ ಇರಲಿಲ್ಲ. ಇಲ್ಲ ಎನ್ನಲು ಅತ್ತೆಗೆ ಬಾಯಿ ಬರಬೇಕಲ್ಲ? ನಮ್ಮ ಬಾಗಿಲಿನದನ್ನೇ ಬಿಚ್ಚಿ ಕೊಟ್ಟುಬಿಟ್ಟರು.

ಸಂಜೆ ಹೇಳಿದ ಹೊತ್ತು ಮೀರಿತು. ಬಜ್ಜಿ ತಣ್ಣಗಾಯಿತು. ನಾದಿನಿ ಹೊಸ ಸೀರೆಯ ಸೆರಗು ಹಿಂಡುತ್ತ ಕೂತೇ ಇದ್ದಳು. “ಯಾರೋ ಏನೋ ಹೇಳಿಕೊಟ್ಟಿದಾರೆ ಕಣೋ, ಇನ್ನವರು ಬರಲ್ಲ,” ಎಂದು ಅತ್ತೆ ಕಣ್ಣೊರೆಸಿಕೊಂಡರು.

ಯಜಮಾನರು ಬೀದಿಗೆ ಇಳಿದು ನೋಡಿದರೆ, ಗಂಡಿನವರೆಲ್ಲ ಎದುರುಮನೆಯಲ್ಲಿ ನೆಂಟರ ನಡುವೆ ಕೂತು ಹೋಳಿಗೆ ತಿನ್ನುತ್ತಿದ್ದಾರೆ! ಶುಭಕಾರ್ಯದ ಮನೆಗೆ ಬಂದವರನ್ನು ನೀವ್ಯಾರು ಎಂದು ಯಾರು ಕೇಳುತ್ತಾರೆ? ಹೋಳಿಗೆ ಮುಗಿಸಿದ ಗಂಡಿನ ತಾಯಿ, “ಇನ್ನು ಹುಡುಗೀನ ಕರ್ಕೊಂಡು ಬನ್ನಿ, ನಮ್ಮ ಹುಡುಗ ನೋಡ್ಲಿ,” ಎಂದರಂತೆ. “ಅದಕ್ಕೇನಂತೆ!” ಎಂದು ಎದುರುಮನೆಯಾಕೆ ಸಂಭ್ರಮದಿಂದ ಮೊಮ್ಮಗಳನ್ನು ಎತ್ತಿತಂದು ಹುಡುಗನ ತೊಡೆಯ ಮೇಲೆ ಮಲಗಿಸಿದರಂತೆ.

ಅಂತೂ ಯಜಮಾನರು ಎಲ್ಲರನ್ನೂ ನಮ್ಮ ಮನೆಗೆ ಕರೆತಂದರು. ನಾದಿನಿ ಕಾಫಿ ಕೊಟ್ಟಳು. ಹುಡುಗ ನೋಡಿದ, ಅವಳೂ ನೋಡಿದಳು. ಅತ್ತೆಗೆ ತಡೆಯಲಾಗಲಿಲ್ಲ. “ಹುಡುಗಿ ಒಪ್ಪಿಗೆಯಾದ್ಳೇನಪ್ಪ?”

ಹುಡುಗ ಕರವಸ್ತ್ರವನ್ನು ತೊಡೆಯ ಮೇಲೆ ಇನ್ನಷ್ಟು ಅಗಲವಾಗಿ ಹರಡಿಕೊಂಡು ಹೇಳಿದ: “ಇವರು ಒಪ್ಪಿಗೆ ಅಮ್ಮ. ಆ ಮನೆ ಹುಡುಗಿ ಮಾತ್ರ ಬೇಡ. ಮುಖ ನೋಡಿದ ಕೂಡ್ಲೇ ಪ್ಯಾಂಟು ಒದ್ದೆ ಮಾಡಿಬಿಟ್ಳು.”