ಕರಡು ತಿದ್ದದೆ ಕಾರು ಹೊರಡದು

ನಮ್ಮ ದೊಡ್ಡಮ್ಮನ ಕೈಗೆ ಮದುವೆಯ ಕಾರ್ಡು ಕೊಡುವ ಧೈರ್ಯ ನಮ್ಮ ಬಳಗದಲ್ಲಿ ಯಾರಿಗೂ ಉಳಿದಿಲ್ಲ. ಫೋನಿನಲ್ಲಿ ಕರೆಯುತ್ತಾರೆ, ಮನೆಗೆ ಬಂದು ಕುಂಕುಮ ಇಟ್ಟು ಕರೆಯುತ್ತಾರೆ, ಕಾರ್ಡನ್ನು ಮಾತ್ರ ಚೀಲದಿಂದ ಹೊರಗೆ ತೆಗೆಯುವುದಿಲ್ಲ. ತೆಗೆದರೆ ಅದು ಕೆಂಪು ಶಾಯಿಯಲ್ಲಿ ಮಿಂದು ವಾಪಸು ಬರುತ್ತದೆ. ಒಂದು ಮುದ್ರಣಾಲಯದಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕರಡು ತಿದ್ದಿದವರು ಅವರು. ನಿವೃತ್ತಿ ಅವರಿಗೆ ಬಂತು, ಪೆನ್ನಿಗೆ ಬರಲಿಲ್ಲ.

ಒಮ್ಮೆ ನೆಂಟರೊಬ್ಬರ ಕಾರ್ಡಿನಲ್ಲಿ ‘ವಧೂವರರನ್ನು ಹರಿಸಿ’ ಎಂದು ಅಚ್ಚಾಗಿತ್ತು. ದೊಡ್ಡಮ್ಮ ಬಂದವರಿಗೆ ಕಾಫಿ ಕೊಟ್ಟು, ಅವರು ಕುಡಿದು ಮುಗಿಸುವವರೆಗೆ ಸಭ್ಯತೆಯಿಂದ ಕಾದು, ಆಮೇಲೆ ಹೇಳಿದರು: “ಹರಿಸೋದು ನೀರನ್ನ. ಮಕ್ಕಳನ್ನ ಹರಸ್ಬೇಕು.” ಅಷ್ಟರಲ್ಲಿ ಕಾರ್ಡುಗಳೆಲ್ಲ ಹಂಚಿಹೋಗಿದ್ದವು. ಮದುವೆಯ ದಿನ ಸುರಿದ ಮಳೆಗೆ ಛತ್ರದ ಊಟದ ಮನೆಯಲ್ಲಿ ಮೊಣಕಾಲುದ್ದ ನೀರು ಹರಿಯಿತು. ದೊಡ್ಡಮ್ಮ ಯಾರಿಗೂ ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಇಂಥವರು ಅರವತ್ತು ದಾಟಿದ ಮೇಲೆ ಕಾರು ಕಲಿಯಲು ಹೊರಟರು. ಕಲಿಸುವವರ ಪಾಡು ಕೇಳಬೇಕೆ? ಸಂಜಯನಗರದ ಅಂಗಡಿ ಸಾಲಿನಲ್ಲಿ ಪ್ರತಿ ಫಲಕದ ಮುಂದೆಯೂ ಗಾಡಿ ತಾನಾಗಿ ನಿಧಾನವಾಗುತ್ತಿತ್ತಂತೆ.

“ಮೇಡಂ, ಬೋರ್ಡ್ ಓದ್ಬೇಡಿ, ರೋಡ್ ನೋಡಿ.”

“ರೋಡಲ್ಲಿ ಏನ್ ಬರ್ದಿದೆ ಅಂತ ನೋಡ್ಲಿ?”

ಅಂತೂ ಲೈಸೆನ್ಸು ಬಂತು. ಚಿಕ್ಕಬಾಣಾವರದಲ್ಲಿ ಒಂದು ಹಳೆಯ ಸಣ್ಣ ಕಾರೂ ಸಿಕ್ಕಿತು. ಅದರ ಮಾಲೀಕರು ಗುಲಾಬಿ ತೋಟ ಮಾಡಿಕೊಂಡಿದ್ದ ಹಿರಿಯರು; ಮಂಡಿನೋವು ಬಂದು ಕ್ಲಚ್ಚು ತುಳಿಯಲಾಗದೆ ಮಾರಿದ್ದರು. ಕಾರಿನ ಕಾಗದಗಳು ದೊಡ್ಡಮ್ಮನ ಹೆಸರಿಗೆ ಬದಲಾಗಿ ಬರುವಷ್ಟರಲ್ಲಿ ಹಳೆಯ ವಿಮೆಯ ಅವಧಿ ಮುಗಿದುಹೋಗಿತ್ತು. ಇದು ನಮಗೆ ಗೊತ್ತಾದದ್ದು ಕಾರು ತರಲು ಹೋದ ಭಾನುವಾರ ಬೆಳಗ್ಗೆ, ಅವರ ಮನೆಯ ಅಂಗಳದಲ್ಲಿ ನಿಂತು, ಕೀ ಕೈಗೆ ತೆಗೆದುಕೊಂಡ ಮೇಲೆ.

ನಾನು ನೆಪಮಾತ್ರಕ್ಕೆ ಜೊತೆಗೆ ಹೋದವಳು. ಹತ್ತು ನಿಮಿಷದ ಕೆಲಸ ಎಂದುಕೊಂಡಿದ್ದೆ.

“ಅದ್ಕೇನ್ ತಾಯಿ, ಇಂಗೆ ಓಗಿ ಅಂಗೆ ಮನೆ ಸೇರ್ಕಳಿ. ಇನ್ಸೂರೆನ್ಸು ನಾಳೆ ಮಾಡುಸ್ದ್ರಾಯ್ತು. ಭಾನುವಾರ ಯಾವ ಪೊಲೀಸ್ನೋರೂ ಇಡ್ಯಲ್ಲ,” ಎಂದರು ಯಜಮಾನರು.

ಅವರ ಮಾತಿನಲ್ಲಿ ಹಕಾರವೇ ಇರಲಿಲ್ಲ. ದೊಡ್ಡಮ್ಮ ಅದನ್ನು ತಿದ್ದಲಿಲ್ಲ. ಆಡಿದ ಮಾತನ್ನು ಅವರು ಎಂದೂ ತಿದ್ದುವವರಲ್ಲ, ಅವರ ಜಗಳ ಅಚ್ಚಾದದ್ದರ ಜೊತೆಗೆ ಮಾತ್ರ. ಆದರೆ ಕೀಯನ್ನು ಅಲ್ಲೇ ಜಗಲಿಯ ಮೇಲೆ ಇಟ್ಟುಬಿಟ್ಟರು.

“ಪೊಲೀಸ್ ಹಿಡೀತಾರೆ ಅಂತಲ್ಲ ಯಜಮಾನ್ರೇ. ನಾನು ಹೊಸದಾಗಿ ಕಲ್ತಿರೋಳು. ನನ್ನ ಗಾಡಿಗೆ ಯಾರಾದ್ರೂ ಸಿಕ್ಕಿದ್ರೆ ಅವ್ರಿಗೆ ನಾನೇನ್ ಹೇಳ್ಲಿ, ನಾಳೆ ಬನ್ನಿ ಅಂತಾನಾ?”

ಸರಿ, ಆರ್‌ಟಿ ನಗರದ ವಿಮಾ ಏಜೆಂಟರೊಬ್ಬರಿಗೆ ಫೋನು ಹೋಯಿತು. ಅವರು ಯಾರದೋ ಮಗುವಿನ ನಾಮಕರಣದಲ್ಲಿದ್ದರು. ಹಿಂದಿನಿಂದ ನಾದಸ್ವರ ಕೇಳುತ್ತಿತ್ತು. ವಿಮೆ ತಪ್ಪಿಹೋದ ಗಾಡಿಯಾದ್ದರಿಂದ ಅದರ ಸುತ್ತ ಒಂದು ವಿಡಿಯೋ ತೆಗೆದು ಕಳಿಸಬೇಕು, ಕಂಪನಿಯವರು ನೋಡಿ ಒಪ್ಪಿದರೆ ಇವತ್ತೇ ಪಾಲಿಸಿ ಕೊಡಬಹುದು ಎಂದರು. ನಾನು ಫೋನು ಹಿಡಿದು ಕಾರಿಗೆ ಪ್ರದಕ್ಷಿಣೆ ಬಂದೆ. ಕಳಿಸಿದ ಕಾಲು ಗಂಟೆಗೆ ಅವರ ಕರೆ.

“ಮೇಡಂ, ಬಾನೆಟ್ ಮೇಲೆ ಏನೋ ಕಪ್ಪಗೆ ಕಾಣ್ತಿದೆ. ಡ್ಯಾಮೇಜಾ?”

“ಬೆಕ್ಕು,” ಎಂದರು ದೊಡ್ಡಮ್ಮ.

ಬೆಕ್ಕನ್ನು ಎಬ್ಬಿಸಿ ಎರಡನೆಯ ಪ್ರದಕ್ಷಿಣೆ. ಈ ಸಲ ಬೆಕ್ಕಿರಲಿಲ್ಲ, ಆದರೆ ನನ್ನ ಬೆರಳಿತ್ತು. ಮೂರನೆಯದು ಪಾಸಾಯಿತು. ದೇವಸ್ಥಾನದಲ್ಲೂ ನಾನು ಇಷ್ಟು ಶ್ರದ್ಧೆಯಿಂದ ಸುತ್ತಿದವಳಲ್ಲ. ಅಷ್ಟರಲ್ಲಿ ಯಜಮಾನರ ಹೆಂಡತಿ ನಮಗೆ ತಿಂಡಿ ಕೊಟ್ಟು, ಮಧ್ಯಾಹ್ನದ ಮುದ್ದೆಗೂ ಎಸರಿಟ್ಟಿದ್ದರು. ಕಾರು ಕೊಂಡವರು ಸಂಸಾರ ಹೂಡುತ್ತಾರೆಂದು ಅವರು ಎಣಿಸಿರಲಿಲ್ಲವೇನೋ. ಆದರೂ ಮುಖದಲ್ಲಿ ತೋರಿಸಲಿಲ್ಲ.

ನಿಜವಾದ ಕಷ್ಟ ಶುರುವಾದದ್ದು ಊಟದ ನಂತರ. ಪಾಲಿಸಿ ಅಂತಿಮವಾಗುವ ಮೊದಲು ಒಮ್ಮೆ ನೋಡಿಬಿಡಿ ಎಂದು ಏಜೆಂಟರು ಅದರ ಕರಡನ್ನು ಕಳಿಸಿದರು. ಪಾಪ, ಯಾರಿಗೆ ಕಳಿಸುತ್ತಿದ್ದೇನೆಂದು ಅವರಿಗೇನು ಗೊತ್ತು! ‘ಕರಡು’ ಎಂಬ ಪದ ಕಿವಿಗೆ ಬಿದ್ದದ್ದೇ ತಡ, ದೊಡ್ಡಮ್ಮ ಬೆನ್ನು ನೆಟ್ಟಗೆ ಮಾಡಿ ಕನ್ನಡಕ ಬದಲಿಸಿದರು. ನನ್ನನ್ನು ಕಾರಿನ ಹತ್ತಿರ ನಿಲ್ಲಿಸಿ ಚಾಸಿ ನಂಬರನ್ನು ಒಂದೊಂದೇ ಅಕ್ಷರ ಕೂಗಿಸಿದರು. ಕೂಗಿ ಮುಗಿದಾಗ ಯಜಮಾನರ ಮನೆಯ ಕಾಂಪೌಂಡಿನ ಆಚೆ ಇಬ್ಬರು ನಿಂತು ಕೇಳುತ್ತಿದ್ದರು, ಹರಾಜು ಎಂದುಕೊಂಡು.

“ನೋಡಿ, ಸೊನ್ನೆ ಇರೋ ಕಡೆ ನೀವು ಇಂಗ್ಲಿಷ್ ಓ ಹಾಕಿದೀರಿ.”

“ಎರಡೂ ಒಂದೇ ಥರ ಕಾಣುತ್ತಲ್ಲ ಮೇಡಂ.”

“ಕಾಣೋದು ಬೇರೆ, ಇರೋದು ಬೇರೆ. ಇನ್ನೊಂದು. ವಿಳಾಸದಲ್ಲಿ ಒಂದಕ್ಷರ ನುಂಗಿ ಸಂಜೆನಗರ ಮಾಡಿದೀರಿ. ನಾವು ಬೆಳಗ್ಗೆನೂ ಅಲ್ಲೇ ಇರ್ತೀವಿ.”

ಆ ಕಡೆ ನಾದಸ್ವರ ನಿಂತು ಬಹಳ ಹೊತ್ತಾಗಿತ್ತು. ಬಹುಶಃ ಮಗುವಿಗೆ ಹೆಸರಿಟ್ಟು, ಎಲ್ಲರೂ ಉಂಡು ಹೊರಟೂ ಹೋಗಿದ್ದರು. ಏಜೆಂಟರೊಬ್ಬರೇ ಎಲ್ಲೋ ಮೂಲೆಯಲ್ಲಿ ಕೂತು ತಿದ್ದುತ್ತಿದ್ದಿರಬೇಕು.

“ಆಯ್ತು ಮೇಡಂ, ಎಲ್ಲಾ ಸರಿ ಮಾಡ್ದೆ. ಒಂದು ಖಾಲಿ ಉಳ್ದಿದೆ. ನಿಮ್ಗೇನಾದ್ರೂ ಆದ್ರೆ ಹಣ ಯಾರಿಗೆ ಹೋಗ್ಬೇಕು ಅಂತ. ನಾಮಿನಿ ಹೆಸ್ರು ಹೇಳಿ.”

ದೊಡ್ಡಮ್ಮ ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಫೋನು ಕೆಟ್ಟಿತೇನೋ ಎಂದು ನಾನು ಬಗ್ಗಿ ನೋಡಿದೆ. ಕೆಟ್ಟಿರಲಿಲ್ಲ. ದೊಡ್ಡಮ್ಮ ಮದುವೆಯಾದವರಲ್ಲ. ಬ್ಯಾಂಕು, ಪಿಂಚಣಿ, ಗ್ಯಾಸು, ಅವರ ಯಾವ ಕಾಗದ ತೆಗೆದರೂ ಆ ಜಾಗದಲ್ಲಿ ಇರುತ್ತಿದ್ದದ್ದು ಅವರ ಒಬ್ಬಳೇ ತಂಗಿಯ ಹೆಸರು, ಎಂದರೆ ನನ್ನ ಅಮ್ಮನದು. ಅಮ್ಮ ಹೋಗಿ ಆಗ ಹನ್ನೊಂದು ತಿಂಗಳಾಗಿತ್ತು.

“ಮೇಡಂ, ಲೈನಲ್ಲಿದೀರಾ?”

“ಇದೀನಿ,” ಎಂದು ದೊಡ್ಡಮ್ಮ ನನ್ನ ಹೆಸರು ಹೇಳಿದರು. ಅಕ್ಷರ ಅಕ್ಷರ ಬಿಡಿಸಿ ಹೇಳಿದರು.

“ಏನಾಗ್ಬೇಕು ನಿಮ್ಗೆ?”

“ತಂಗಿ ಮಗಳು.”

“ಹಂಗಾದ್ರೆ ನೀಸ್ ಅಂತ ಹಾಕ್ತೀನಿ.”

“ಒಂದ್ನಿಮಿಷ. ನಿಮ್ಮನೇಲಿ ನಿಮ್ಮ ದೊಡ್ಡಮ್ಮ ನಿಮ್ಮನ್ನ ಏನಂತ ಕರೀತಾರೆ?”

ಏಜೆಂಟರು ಸ್ವಲ್ಪ ಯೋಚಿಸಿದರು. “ಮಗನೇ ಅಂತಾರೆ ಮೇಡಂ.”

“ನಮ್ಮನೇಲೂ ಹಂಗೇ. ಮಗಳು ಅಂತ ಹಾಕಿ.”

“ಇಂಗ್ಲಿಷಲ್ಲಿ ಡಾಟರ್ ಅಂತ ಬಂದ್ಬಿಡುತ್ತೆ, ಪರ್ವಾಗಿಲ್ವಾ?”

“ಬರ್ಲಿ.”

ನಾನು ಸುಮ್ಮನೆ ಗುಲಾಬಿ ಗಿಡಗಳ ಕಡೆ ಹೋಗಿ ನಿಂತೆ. ಹೂವೆಲ್ಲ ಬೆಳಗ್ಗೆಯೇ ಕಿತ್ತಾಗಿತ್ತು, ನೋಡಲು ಅಲ್ಲೇನೂ ಇರಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಪಾಲಿಸಿ ಬಂತು. ದೊಡ್ಡಮ್ಮ ಯಜಮಾನರಿಗೂ ಅವರ ಹೆಂಡತಿಗೂ ಕೈಮುಗಿದು ಕಾರಿನಲ್ಲಿ ಕೂತರು, ಸೀಟನ್ನು ಮುಂದಕ್ಕೆ ಎಳೆದುಕೊಂಡರು, ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ಕನ್ನಡಕದ ಗಾಜು ಮಂಜಾಗಿತ್ತು. ಒರೆಸಿಕೊಳ್ಳಲಿಲ್ಲ. ಫೋನನ್ನು ನನ್ನ ಮಡಿಲಿಗೆ ಹಾಕಿದರು.

“ನಂಗೆ ಸರಿಯಾಗಿ ಕಾಣ್ತಿಲ್ಲ. ನೀನೇ ಒಂದ್ಸಲ ಓದ್ಬಿಡು. ತಪ್ಪಿದ್ರೆ ಈಗ್ಲೇ ಹೇಳು.”

ಓದಿದೆ. ಹೆಸರು, ಸಂಜಯನಗರ, ಚಾಸಿ ನಂಬರಿನ ಸೊನ್ನೆ. ಕೊನೆಯಲ್ಲಿದ್ದ ನಾಮಿನಿಯ ಎರಡು ಸಾಲುಗಳನ್ನು ಇನ್ನೊಮ್ಮೆ ಓದಿದೆ.

“ಏನೂ ತಪ್ಪಿಲ್ಲ ದೊಡ್ಡಮ್ಮ,” ಎಂದೆ.

“ಹಂಗಾದ್ರೆ ಬೆಲ್ಟ್ ಹಾಕ್ಕೋ,” ಎಂದು ಕನ್ನಡಕ ಒರೆಸಿಕೊಂಡು, ಅವರು ಕೀ ತಿರುಗಿಸಿದರು.