ಮಾವನ ಕಿವಿ, ಅತ್ತೆಯ ಮಂಡಿ

ನಮ್ಮ ಸೋದರಮಾವನಿಗೆ ಈವರೆಗೆ ಯಾವ ವಿಶ್ವವಿದ್ಯಾಲಯವೂ ಡಾಕ್ಟರೇಟ್ ಕೊಟ್ಟಿಲ್ಲ. ಇದು ಮಾವನ ದುರದೃಷ್ಟ ಎಂದು ಅವರ ಸ್ನೇಹಿತರು ಹೇಳುತ್ತಾರೆ. ವಿಶ್ವವಿದ್ಯಾಲಯಗಳ ಅದೃಷ್ಟ ಎಂದು ನಾನು ಹೇಳುತ್ತೇನೆ! ಅವರು ಸಂಶೋಧನೆ ಮಾಡಿರುವುದು ಒಂದು ಶಾಖೆಯಲ್ಲಲ್ಲ. ವಸ್ತುವಿಜ್ಞಾನ, ಗಿಡಗಂಟಿಗಳ ಸಹಬಾಳ್ವೆ, ಆಸ್ಪತ್ರೆಯ ಖರ್ಚು, ಎಲ್ಲದರಲ್ಲೂ ಕೈಯಾಡಿಸಿದ್ದಾರೆ. ಎಲ್ಲದರಲ್ಲೂ ಫೇಲಾಗಿದ್ದಾರೆ. ಮೊದಲ ಎರಡರಲ್ಲಿ ಫೇಲಾದಾಗ ಊರು ನಕ್ಕಿತು. ಕೊನೆಯದಕ್ಕೆ ಯಾರೂ ನಗಲಿಲ್ಲ. ನಾನು ಈಗ ನಗಲು ಪ್ರಯತ್ನಿಸುತ್ತಿದ್ದೇನೆ, ನೀವೂ ಜೊತೆಗಿದ್ದರೆ ಧೈರ್ಯ.

ಮೊದಲೇ ಒಂದು ಎಚ್ಚರಿಕೆ ಕೊಡಬೇಕು. ನಾನು ವಿಜ್ಞಾನ ಓದಿದವನು, ಆದ್ದರಿಂದ ಯಾರನ್ನೂ ಸುಲಭಕ್ಕೆ ನಂಬುವುದಿಲ್ಲ. ನನ್ನ ನೆನಪನ್ನಂತೂ ನಂಬುವುದೇ ಇಲ್ಲ. ಮುಂದೆ ಬರುವುದರಲ್ಲಿ ಕೆಲವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲವನ್ನು ಅತ್ತೆ ಹೇಳಿ ಹೇಳಿ ನಾನೇ ಕಂಡಂತಾಗಿದೆ. ಯಾವುದು ಯಾವುದೆಂದು ಗದರಿಸಿ ಕೇಳಿದರೆ ತೊದಲುತ್ತೇನೆ.

ಮಾವನ ತೋಟ ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿದೆ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವುದೆಂದರೆ ಹೆಚ್ಚಿನ ಪಾಲು ಏನೂ ಮಾಡದೆ ಇರುವುದು. ಕಾಯಿ ಕೀಳಿಸಿ, ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ವರ್ಷದ ಹತ್ತಿರ ಹತ್ತಿರ ಸುಮ್ಮನೆ ಬಿಟ್ಟುಬಿಡಬೇಕು. ಒಳಗಿನ ನೀರು ಇಂಗುತ್ತದೆ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಆಮೇಲೆ ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಅಂದರೆ ಕೊಬ್ಬರಿ ಆಗಿದೆ, ಸುಲಿಯಬಹುದು. ಗಡಗಡ ಅನ್ನುವ ಮೊದಲೇ ಆತುರಪಟ್ಟು ಒಡೆದಿರೋ, ತಿರುಳು ಚಿಪ್ಪಿಗೆ ಅಂಟಿಕೊಂಡು ಚೂರುಚೂರಾಗಿ ಬರುತ್ತದೆ. ವರ್ಷದ ಕಾಯುವಿಕೆ ದಂಡ.

ಇಷ್ಟು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಮಾವನ ವಿಶೇಷವೆಂದರೆ ಈ ವಿದ್ಯೆಯನ್ನು ಅವರು ತೆಂಗಿನಕಾಯಿಗೆ ಮಾತ್ರ ಮೀಸಲಿಡಲಿಲ್ಲ. ಹೆಲ್ಮೆಟ್ ಕೊಳ್ಳಲು ಹೋದರೆ ಕಿವಿಗಿಟ್ಟು ಅಲ್ಲಾಡಿಸುವರು. ಟಾರ್ಚು, ಗೋಡೆ ಗಡಿಯಾರ, ಪ್ರೆಶರ್ ಕುಕ್ಕರು, ಎಲ್ಲವೂ ಅವರ ಕಿವಿಯ ಪರೀಕ್ಷೆ ಪಾಸಾಗಿಯೇ ಮನೆಯೊಳಗೆ ಬರಬೇಕು. ಮಗಳನ್ನು ನೋಡಲು ಹುಳಿಯಾರಿನಿಂದ ಗಂಡಿನವರು ಬಂದಾಗ ಮಾವ ಹುಡುಗನ ತಲೆಯ ಕಡೆಗೆ ಎರಡೂ ಕೈ ಚಾಚಿದರಂತೆ. "ಆಶೀರ್ವಾದ ಮಾಡೋಕೆ ಕಣೇ" ಎಂದು ಮಾವನ ವಾದ. "ಆಶೀರ್ವಾದ ಮಾಡೋರು ಕಿವಿ ಯಾಕೆ ಹತ್ರ ತಂದ್ರಿ?" ಎಂದು ಅತ್ತೆ. ನಾನು ಅಲ್ಲಿದ್ದೆನೇ? ಇದ್ದೆ ಅನ್ನಿಸುತ್ತದೆ.

ಇನ್ನೊಂದು ಕಾಯಿಲೆಯೂ ಇತ್ತು. ಕೇಳಿಸಿದ್ದನ್ನು ಕೇಳಿಸಿದ ಹಾಗೆಯೇ ಹೇಳಿಬಿಡುವರು. ವ್ಯಾಪಾರಿ ಬಂದು ರಾಶಿಯನ್ನು ನೋಡಿ ತೃಪ್ತಿಯಿಂದ ತಲೆಯಾಡಿಸುತ್ತಿರುವಾಗ, ಇವರೇ ನಡುವಿನಿಂದ ಒಂದು ಕಾಯಿ ಎತ್ತಿ, "ಇದ್ರೊಳಗೆ ಕೊಳ್ತೈತೆ ಕಣ್ರೀ, ಸದ್ದು ಮಂಕು" ಅನ್ನುವರು. ವ್ಯಾಪಾರಿಗೆ ಅಷ್ಟು ಸಾಕಲ್ಲ! ಇಡೀ ರಾಶಿಯ ಮೇಲೆ ಅನುಮಾನ ಬಂದು ದರ ಇಳಿಯುತ್ತಿತ್ತು.

"ಸುಮ್ನಿದ್ದಿದ್ರೆ ನಾಲ್ಗೆ ಬಿದ್ದೋಗ್ತಿತ್ತಾ?" ಒಳಗಿನಿಂದ ಅತ್ತೆಯ ಧ್ವನಿ.

"ಕೇಳ್ಸಿದ್ದು ಹೇಳ್ದೆ ಇದ್ರೆ ಕಿವಿ ಯಾಕೆ ಕಣೇ ಇರೋದು?"

ಮಾವ ವಸ್ತುವಿಜ್ಞಾನಕ್ಕೆ ಬಂದದ್ದು ನನ್ನಿಂದ. ನಾನು ವಿಶ್ವವಿದ್ಯಾಲಯದಲ್ಲಿ ತೆಂಗಿನ ನಾರು ಸೇರಿಸಿದ ಹಾಳೆಗಳ ಗಟ್ಟಿತನದ ಮೇಲೆ ಮಹಾಪ್ರಬಂಧ ಬರೆದವನು. ಅದನ್ನು ಪೂರ್ತಿ ಓದಿರುವುದು ನಾನೊಬ್ಬನೇ. ಗೈಡ್ ಕೂಡ ಓದಿದ್ದಾರೆಂದು ಅವರ ಸಹಿ ಹೇಳುತ್ತದೆ. ಮಾವ ಅದರಲ್ಲಿದ್ದ ಹಾಳೆಯ ಒಂದು ಚಿತ್ರವನ್ನು ನೋಡಿ, "ಇದ್ರ ಮೇಲೆ ಮಳೆ ಬಿದ್ದಿತ್ತೇನ್ಲಾ?" ಎಂದರು.

"ಲ್ಯಾಬಿನೊಳಗೆ ಮಳೆ ಬರಲ್ಲ ಮಾವ."

"ಹಂಗಾದ್ರೆ ನಾನು ನೋಡ್ತೀನಿ ಬುಡು."

ನೋಡಿದರು. ನಾರಿಗೆ ಮೈದಾ ಅಂಟು ಕಲೆಸಿ, ಹಾಳೆ ತಟ್ಟಿ, ಬಿಸಿಲಿಗೆ ಒಣಗಿಸಿ, ದನದ ಕೊಟ್ಟಿಗೆಗೆ ಸೂರು ಹೊದಿಸಿದರು. ಬೇಸಿಗೆಯಿಡೀ ಊರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಮಳೆ ಹಿಡಿದ ವಾರ ಸೂರಿನ ತುಂಬ ಅಣಬೆ! ಬೇರೆಯವರಾಗಿದ್ದರೆ ಸದ್ದಿಲ್ಲದೆ ಕಿತ್ತು ಹಾಕುತ್ತಿದ್ದರು. ಮಾವ ಹಾದಿಯಲ್ಲಿ ಹೋಗುವವರನ್ನು ಕರೆದು, "ಬನ್ನಿ ಬನ್ನಿ, ಫೇಲಾಗೈತೆ ಕಣ್ರೀ, ಪೂರ್ತಿ ಫೇಲು" ಎಂದು ಗೃಹಪ್ರವೇಶದ ಉತ್ಸಾಹದಲ್ಲಿ ತೋರಿಸಿದರು. ನನ್ನ ವಿಭಾಗದಲ್ಲಿ ಒಬ್ಬರೂ ಹೀಗೆ ಫೇಲಾದದ್ದನ್ನು ನಾನು ನೋಡಿಲ್ಲ. ನಮ್ಮಲ್ಲಿ ಎಲ್ಲರ ಪ್ರಯೋಗವೂ ಪಾಸು. ಸೂರು ಮಾತ್ರ ಯಾರ ಮನೆಯ ಮೇಲೂ ಇಲ್ಲ.

ಸೂರಿನ ಮೇಲೆ ಅಣಬೆ ಬಂದದ್ದರಿಂದ ಸಸ್ಯಗಳ ಅಧ್ಯಯನ ಶುರುವಾಯಿತು. ಯಾವ ಗಿಡ ಎಲ್ಲಿಂದ ಬರುತ್ತದೆ, ಯಾರ ಪಕ್ಕ ಯಾರು ಕೂರುತ್ತಾರೆ, ಯಾರು ಯಾರನ್ನು ಓಡಿಸುತ್ತಾರೆ? ತೋಟದ ಒಂದು ಮೂಲೆಯಲ್ಲಿ ಉಳುಮೆ ನಿಲ್ಲಿಸಿ, ತೆಂಗಿನ ಮರಗಳ ಸುತ್ತ ಹುರಿ ಹಗ್ಗ ಕಟ್ಟಿ, ನಡುವೆ ತಾವು ಕುಕ್ಕರಗಾಲಲ್ಲಿ ಕೂತರು. ತುಂಬೆ ಬಂತು, ಉತ್ತರಾಣಿ ಬಂತು, ಕರಿಕೆ ಹಬ್ಬಿತು. ಅಕ್ಕಪಕ್ಕದ ತೋಟದವರು ಬೇಲಿಯಾಚೆಯಿಂದ, "ಏನ್ ಯಜಮಾನ್ರೇ, ಕಳೆ ಸಾಕ್ತಾ ಇದ್ದೀರಾ?" ಅನ್ನುವರು. "ಸಾಕ್ತಾ ಇಲ್ಲ ಕಣಯ್ಯಾ, ನೋಡ್ತಾ ಇವ್ನಿ" ಎಂದು ಮಾವ.

ಮಳೆಗಾಲ ಮುಗಿಯುವ ಹೊತ್ತಿಗೆ ಮನೆಯ ಹಸು ಹಗ್ಗ ದಾಟಿ ಇಡೀ ಸಂಶೋಧನೆಯನ್ನು ಮೇಯ್ದುಬಿಟ್ಟಿತು. (ಹಸು ಅಲ್ಲ, ಎಮ್ಮೆ ಎನ್ನುತ್ತಾರೆ ಅತ್ತೆ. ನನ್ನ ಕಣ್ಣ ಮುಂದೆ ಈಗಲೂ ಬಿಳಿಯ ಹಸು ನಿಂತಿದೆ. ಆದರೆ ಆ ಮನೆಯಲ್ಲಿ ಬಿಳಿಯ ಹಸು ಇರಲೇ ಇಲ್ಲವಂತೆ! ನೋಡಿ, ನನ್ನ ನೆನಪಿನ ಯೋಗ್ಯತೆ.) ಮಾವ ಎದೆಗುಂದಲಿಲ್ಲ. ಸಗಣಿಯಲ್ಲಿ ಯಾವ ಬೀಜ ಮೊಳೆಯುತ್ತದೆಂದು ನೋಡಲು ಆ ಪ್ರಾಣಿಯ ಬಾಲದ ಹಿಂದೆಯೇ ಊರೆಲ್ಲ ತಿರುಗಿದರು.

"ನನ್ನ ಹಿಂದೆ ಹಿಂಗೆ ಒಂದಿನ ತಿರುಗಿದ್ರೆ ನಾನು ಜನ್ಮ ಸಾರ್ಥಕ ಅಂದ್ಕೊಂಡಿರೋಳು" ಎಂದರು ಅತ್ತೆ.

ಎಲ್ಲರೂ ನಕ್ಕೆವು. ಅತ್ತೆಯೂ ನಕ್ಕರು. ನಗುತ್ತಲೇ ಗೋಡೆ ಹಿಡಿದು ಎದ್ದರು. ಆಗಲೇ ಅವರ ಮಂಡಿ ಹೋಗಿತ್ತು.

ಹೋಗದೆ ಇನ್ನೇನು! ಮದುವೆಯಾಗಿ ಬಂದಂದಿನಿಂದ ಅಟ್ಟದ ಏಣಿ ಹತ್ತಿ ಇಳಿದವರು ಅವರು. ಸಂಶೋಧಕರು ಒಂದೊಂದೇ ಕಾಯನ್ನು ಕಿವಿಗಿಟ್ಟು ಆನಂದಿಸುತ್ತಿದ್ದರೆ, ಅದನ್ನು ಬುಟ್ಟಿಯಲ್ಲಿ ಹೊತ್ತು ಇಳಿಸಿ, ನೆಲದ ಮೇಲೆ ಕೂತು ವಿಂಗಡಿಸುತ್ತಿದ್ದವರು ಅತ್ತೆ. ಬಲಮಂಡಿ ಬಾತು, ಮಡಿಸಿದರೆ ಕಟಕಟ ಅನ್ನತೊಡಗಿತು. ಊರಿನ ಡಾಕ್ಟರು ಎಕ್ಸ್‌ರೇ ತೆಗೆಸಿ, ಸವೆದುಹೋಗಿದೆ, ಹೊಸ ಕೀಲು ಹಾಕಿಸಿ, ನಡೆದಾಡುತ್ತಾರೆ ಎಂದರು. ನಾನು ಇಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ದೊಡ್ಡ ಆಸ್ಪತ್ರೆಗೆ ಹೋದೆ.

ಮೂಳೆ ಡಾಕ್ಟರು ಮೇಜಿನ ಮೇಲಿದ್ದ ಮಾದರಿ ಕೀಲನ್ನು ತೋರಿಸಿದರು. ಮುಂದೇನಾಯಿತೆಂದು ನಿಮಗೆ ಗೊತ್ತಾಗಿರಬೇಕು. ಮಾವ ಅದನ್ನು ಎತ್ತಿ ಕಿವಿಗಿಟ್ಟು ಅಲ್ಲಾಡಿಸಿದರು!

"ಯಾವ ಲೋಹ ಸಾರ್ ಇದು?"

"ಮೇಲಿನದು ಕೋಬಾಲ್ಟ್ ಕ್ರೋಮ್, ಕೆಳಗೆ ಟೈಟಾನಿಯಂ. ನಡುವೆ ಒಂದು ಥರ ಪ್ಲಾಸ್ಟಿಕ್ಕು."

"ಪ್ಲಾಸ್ಟಿಕ್ಕಾ? ನಮ್ಮ ತೋಟದ ಡ್ರಿಪ್ ಪೈಪೆಲ್ಲ ಬಿಸ್ಲಿಗೆ ಸೀಳೋಯ್ತಲ್ಲ ಸಾರ್!"

"ಮಂಡಿಯೊಳಗೆ ಬಿಸಿಲು ಬರಲ್ಲ ಯಜಮಾನ್ರೇ."

ಡಾಕ್ಟರು ಒಳ್ಳೆಯವರು, ನಕ್ಕರು. ಕೆಳಗಿನ ಕೌಂಟರಿನಲ್ಲಿ ಯಾರೂ ನಗಲಿಲ್ಲ. ಖರ್ಚು ಎಷ್ಟಾಗುತ್ತದೆ ಎಂದು ಮಾವ ಕೇಳಿದರು. ಅಲ್ಲಿದ್ದವರು ಉತ್ತರ ಕೊಡುವ ಬದಲು, "ಇನ್ಶೂರೆನ್ಸ್ ಇದೆಯಾ?" ಎಂದರು.

"ಇದ್ರೆ ಎಷ್ಟು, ಇಲ್ದಿದ್ರೆ ಎಷ್ಟು?"

"ಪ್ಯಾಕೇಜ್ ಬೇರೆ ಬೇರೆ ಸಾರ್."

"ಮಂಡಿ ಒಂದೇ ಅಲ್ವಾ?"

ಅವರು ಮುಂದಿನವರನ್ನು ಕರೆದರು. ಮಾವನ ಹೊಸ ಸಂಶೋಧನೆ ಅಲ್ಲೇ ಹುಟ್ಟಿತು. ಒಂದೇ ಕಂಪನಿಯ, ಒಂದೇ ಲೋಹದ, ಒಂದೇ ಅಳತೆಯ ಕೀಲಿಗೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಬೆಲೆ ಯಾಕೆ ಬೇರೆ? ತುಮಕೂರಿನಲ್ಲಿ ಕೇಳಿದರು, ಹಾಸನದಲ್ಲಿ ಕೇಳಿದರು. ಒಂದು ಕಡೆ ರೂಮು ಸೇರಿ, ಒಂದು ಕಡೆ ರೂಮು ಬಿಟ್ಟು. ಒಂದು ಕಡೆ ಔಷಧಿ ಅವರ ಅಂಗಡಿಯಲ್ಲೇ ಕೊಳ್ಳಬೇಕು. ಇನ್ನೊಂದು ಕಡೆ ಮೊದಲು ಅಡ್ಮಿಟ್ ಆಗಿ, ಆಮೇಲೆ ಮಾತಾಡೋಣ. "ಕೊಬ್ರಿ ರೇಟು ದಿನಾ ಬೋರ್ಡ್ ಮೇಲೆ ಬರೀತಾರೆ, ನಾನೂ ನೋಡ್ಬೋದು, ನೀನೂ ನೋಡ್ಬೋದು. ಮಂಡಿ ರೇಟು ಯಾಕ್ಲಾ ಗುಟ್ಟು?" ಎಂದು ನನ್ನನ್ನು ಕೇಳಿದರು, ನಾನೇ ಆಸ್ಪತ್ರೆ ಕಟ್ಟಿಸಿದವನಂತೆ.

ಹಣ ಇರಲಿಲ್ಲವೆಂದು ತಿಳಿಯಬೇಡಿ. ಇತ್ತು. ಮಾವ ಜಿಪುಣರೂ ಅಲ್ಲ. ಪ್ರಶ್ನೆಗೆ ಉತ್ತರ ಸಿಗದೆ ಮುಂದಿನ ಹೆಜ್ಜೆ ಇಡಲಾರದ ರೋಗ ಅವರದು. ಪ್ರಶ್ನೆ ಸರಿಯಾಗಿತ್ತು ಎಂಬುದೇ ನನಗೆ ಇವತ್ತಿಗೂ ಉರಿ. ತಪ್ಪು ಪ್ರಶ್ನೆಯಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು.

ಮನೆಗೆ ಬಂದಾಗಲೆಲ್ಲ ಅತ್ತೆಯ ಮಂಡಿಯನ್ನು ಮಡಿಸಿ, ಕಿವಿಯಿಟ್ಟು ಕೇಳುವರು. "ಸದ್ದು ಇನ್ನೂ ಪೂರ್ತಿ ಬಂದಿಲ್ಲ ಕಣೇ. ಇನ್ನೊಂದಷ್ಟು ದಿನ ತಡೀತದೆ. ಆತ್ರ ಬಿದ್ದು ಒಡಿಸ್ಬಾರ್ದು."

"ಅದು ಮಂಡಿ ಮಾವ! ಅಟ್ಟದ ಕಾಯಲ್ಲ!"

"ಗೊತ್ತು ಕಣ್ಲಾ. ಒಳಗಿರೋದು ಹೊರಗೆ ತಿಳಿಯೋದು ಸದ್ದಿಂದ್ಲೇ. ಯಾವುದಾದ್ರೇನು?"

ಕಾಯಿಯಲ್ಲಿ ಸದ್ದು ಬಂದರೆ ಎಲ್ಲ ಸರಿಹೋಯಿತೆಂದು ಅರ್ಥ. ಮಂಡಿಯಲ್ಲಿ ಸದ್ದು ಬಂದರೆ ಎಲ್ಲ ಮುಗಿಯಿತೆಂದು ಅರ್ಥ. ಇದನ್ನು ಎಷ್ಟು ಬಗೆಯಲ್ಲಿ ಹೇಳಿದೆ! ಹುಳಿಯಾರಿಗೆ ಕೊಟ್ಟ ಮಗಳು ಫೋನಿನಲ್ಲಿ ಅತ್ತಳು, ಬೈದಳು, ಬಂದು ಆಸ್ಪತ್ರೆಗೆ ಕರೆದಳು. ಅತ್ತೆ ಹೋಗಲಿಲ್ಲ. "ಅವ್ರು ಹೂಂ ಅಂದ್ರೆ ಹೋಗ್ತೀನಿ" ಎಂದರು. ಇದು ಪ್ರೀತಿಯೋ ಹಟವೋ ನನಗೆ ತಿಳಿಯಲಿಲ್ಲ. ಎರಡಕ್ಕೂ ನನ್ನ ಓದಿನಲ್ಲಿ ಅಳತೆಗೋಲಿಲ್ಲ.

ಹೀಗೇ ವರ್ಷ ಕಳೆದ ಮೇಲೆ ಒಂದು ಸಂಜೆ ಕೋಪದಲ್ಲಿ ಮಾವನಿಗೆ ಪಾಠ ಮಾಡಲು ಕೂತೆ. ನಿಮ್ಮ ಯಾವ ಸಂಶೋಧನೆಯೂ ಸಂಶೋಧನೆಯಲ್ಲ, ಯಾಕೆಂದರೆ ಯಾವುದರಲ್ಲೂ ಕಂಟ್ರೋಲ್ ಇಲ್ಲ ಎಂದೆ.

"ಕಂಟ್ರೋಲು ಅಂದ್ರೆ?"

"ಹೋಲಿಸಿ ನೋಡೋಕೆ ಒಂದು ಇರಬೇಕು ಮಾವ. ಅದಕ್ಕೆ ಔಷಧಿ ಇಲ್ಲ, ಗೊಬ್ಬರ ಇಲ್ಲ. ಏನೂ ಮಾಡದೆ ಹಾಗೇ ಬಿಟ್ಟಿರೋದು."

ಗೋಡೆಗೆ ಒರಗಿ ಕೂತಿದ್ದ ಅತ್ತೆ ಹೂ ಕಟ್ಟುತ್ತಲೇ ಹೇಳಿದರು: "ಏನೂ ಮಾಡ್ದೆ ಹಂಗೇ ಬುಟ್ಟಿರೋದು ಅಂದ್ರೆ ನಾನೇ ಅಲ್ವೇನಪ್ಪ?"

ಯಾರೂ ನಗಲಿಲ್ಲ ಎಂದು ಆಗಲೇ ಹೇಳಿದೆನಲ್ಲ, ಅದು ಇಲ್ಲಿ. ಮಾವ ಎದ್ದು ತೋಟಕ್ಕೆ ಹೋದರು. ಮಾರನೆಯ ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. "ಕಾರು ತೆಗಿ. ಎಷ್ಟಾದ್ರೂ ಆಗ್ಲಿ. ಕೇಳಲ್ಲ" ಎಂದರು.

ಅದೇ ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿದರು. ಆಮೇಲೆ ಮಾದರಿ ಕೀಲನ್ನು ತಾವಾಗಿಯೇ ಪಕ್ಕಕ್ಕೆ ಸರಿಸಿದರು. "ಮಂಡಿಗೆ ಈಗಲೂ ಹೊಸದು ಹಾಕಬಹುದು. ಆದರೆ ಈ ನಡುವೆ ಹೃದಯ ಸೋತಿದೆ, ಆಪರೇಷನ್ ತಡೆಯೋದಿಲ್ಲ. ಅವತ್ತೇ ಮಾಡಿಸಿದ್ದಿದ್ದರೆ..." ಎಂದು ನಿಲ್ಲಿಸಿದರು. ಮಾವ ಲೋಹದ ಬಗ್ಗೆ ಕೇಳಲಿಲ್ಲ. ಬೆಲೆಯ ಬಗ್ಗೆ ಕೇಳಲಿಲ್ಲ. ಬರುವಾಗ ಕಾರಿನಲ್ಲಿ ಅತ್ತೆ ಮಾತ್ರ ಮಾತಾಡಿದರು, ಕೊಟ್ಟಿಗೆಗೆ ತಗಡು ಹೊದಿಸಬೇಕು ಎಂದು.

ನನ್ನ ಸಿಟ್ಟು ಇಳಿದಿರಲಿಲ್ಲ. ಬಹಳ ದಿನ ಆ ಕಡೆ ಹೋಗಲಿಲ್ಲ. ಮಾವನನ್ನು ಬೈಯುವ ಒಂದು ಪ್ರಬಂಧ ಬರೆಯಬೇಕೆಂದುಕೊಂಡೆ. ನೀವು ಓದುತ್ತಿರುವುದು ಅದನ್ನೇ.

ಮೊನ್ನೆ ಹೋಗಿದ್ದೆ. ಬಾಗಿಲು ತೆರೆದಿತ್ತು. ಪಡಸಾಲೆಯಲ್ಲಿ ಅತ್ತೆ ಕುರ್ಚಿಯ ಮೇಲಿದ್ದರು. ನೆಲದಲ್ಲಿ ಮಾವ, ಅತ್ತೆಯ ಹಿಮ್ಮಡಿಯನ್ನು ಅಂಗೈಯಲ್ಲಿಟ್ಟುಕೊಂಡು ಆಸ್ಪತ್ರೆಯವರು ಕಲಿಸಿದ ವ್ಯಾಯಾಮ ಮಾಡಿಸುತ್ತಿದ್ದರು. ಎಣ್ಣೆ ಹಚ್ಚಿದ್ದ ಕಾಲನ್ನು ನಿಧಾನವಾಗಿ ಚಾಚಿ, ನಿಧಾನವಾಗಿ ಮಡಿಸಿ, ಅಭ್ಯಾಸಬಲದಿಂದ ಮಂಡಿಗೆ ಕಿವಿಯಿಟ್ಟರು. ಕಟಕಟ ಅಂದದ್ದು ಹೊಸ್ತಿಲಲ್ಲಿ ನಿಂತಿದ್ದ ನನಗೇ ಕೇಳಿಸಿತು. ಅಷ್ಟು ದೂರಕ್ಕೆ ಕೇಳಿಸಲು ಸಾಧ್ಯವೇ ಎಂದು ಈಗ ಅನುಮಾನ. ಆದರೆ ಕೇಳಿಸಿತು.

"ಏನ್ ಕೇಳುಸ್ತೈತೆ?" ಎಂದರು ಅತ್ತೆ.

ಕೊಳೆತ ಒಂದು ಕಾಯನ್ನು ಯಾವ ವ್ಯಾಪಾರಿಯಿಂದಲೂ ಬಚ್ಚಿಡಲಾರದೆ ಹೋದ ಮನುಷ್ಯ ತಲೆ ಎತ್ತಲಿಲ್ಲ.

"ಏನೂ ಇಲ್ಲ ಕಣೇ. ಸದ್ದೇ ಇಲ್ಲ. ಬೆಣ್ಣೆ ಹಂಗೈತೆ."

ಬಗ್ಗಿದ್ದ ಆ ನೆತ್ತಿಯನ್ನು ಅತ್ತೆ ನೋಡಿದರು.

"ಹೌದಾ? ಹಂಗಾದ್ರೆ ಇನ್ನೊಂದ್ಸಲ ಮಡ್ಚಿ" ಎಂದರು.